ಕೆಜಾಯಳ ಲೈಸನ್ಸು

ಪಬ್ಬುಗಳ ಲೈಸನ್ಸು ನವೀಕರಿಸುವ ದಿನ. ಕೋರ್ಟಿನ ಹೊರಬೆಂಚಿನಲ್ಲಿದ್ದ ಚರ್ಚಿನ ಗಂಟೆಗಾರ ಎಫ್ರೇಮನ ಪಕ್ಕದಲ್ಲೇ ಪಬ್ಬಿನೊಡತಿ ಕೆಜಾಯಳೂ ಕಟುಕ ಆಮೋಸನೂ ಮಾತಿಗಿಳಿದರು. ಅವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

“ನ್ಯಾಯಾಧೀಶರು ಕೇಳಿದ್ರೆ ಮೆಟ್ಟಿಲಿಂದ ಬಿದ್ದೆ ಅನ್ನು, ಅಕ್ಕ.”

“ತವರದ ಲೋಟದಲ್ಲಿ ಗುದ್ದಿದವನು ನೀನು. ನನ್ನ ಗಂಡನ ದವಡೆ ಮುರಿದವನೂ ನೀನೇ.”

“ಹೊಡೆದಾಟ ಅಂದ್ರೆ ಪಬ್ಬು ಮುಚ್ಚಿಸ್ತಾರೆ.”

“ಅದಕ್ಕೇ ನೀನು ಹೊಡೆದಾಡಿದ ಮೂರು ಸಲವೂ ಪೊಲೀಸ್ ಬರೋ ಮುಂಚೆ ರಕ್ತದ ಮೇಲೆ ಮರದ ಪುಡಿ ಚೆಲ್ಲಿ ಬಾಯಿ ಮುಚ್ಕೊಂಡೆ.”

“ಜಾಣೆ. ಇವತ್ತೂ ಮುಚ್ಕೋ.”

“ನಾಲ್ಕನೇ ಸಲಕ್ಕೆ ಹೆಣ ಬೀಳ್ತದಲ್ಲೋ!”

“ಬಿದ್ರೆ ಬೀಳ್ಲಿ. ಅಜ್ಜನ ಕಾಲದ ಪಬ್ಬು, ನೀನೆಲ್ಲಿ ಬಿಡ್ತೀಯ?”

ದೇವರೇ, ಎಂದು ಎಫ್ರೇಮ್ ಕಣ್ಣು ಮುಚ್ಚಿದ. ಒಳಗಿನಿಂದ ಕೆಜಾಯಳ ಹೆಸರು ಕೂಗಿದರು.

“ಪಬ್ಬು ಬಿಟ್ಟೆ, ನಡಿಯೋ,” ಎಂದವಳು ಆಮೋಸನ ಕೊರಳಪಟ್ಟಿ ಹಿಡಿದು, ನ್ಯಾಯಾಧೀಶರೆದುರಿಗೆ ದರದರನೆ ಎಳೆದುಕೊಂಡು ಹೋದಳು.