ಸಿಕ್ಕರೆ ಒಂದು ಹಾರ್ನ್

ತಿರುವಿನಲ್ಲಿ ಎಂಜಿನ್ ನಿಂತಾಗ ಮಳೆ ಜೋರಾಗಿತ್ತು. ನನ್ನ ಹಳೆಯ ಕಾರಿಗೆ ಇದು ಹೊಸದಲ್ಲ. ಮೀಟರಿನ ಮುಳ್ಳು ತಟ್ಟನೆ ಸೊನ್ನೆಗೆ ಬೀಳುತ್ತದೆ, ಎಂಜಿನ್ ಆಫಾಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಈ ಸಲ ಹೊರಡಲಿಲ್ಲ. ತಂಗಿಯೂ ಅವಳ ಗಂಡನೂ ಹಿಂದಿನಿಂದ ತಳ್ಳಿ, ನಾನು ಸ್ಟೀರಿಂಗ್ ಹಿಡಿದು, ರಸ್ತೆಯ ಕೊನೆಯಲ್ಲಿದ್ದ ಶೆಡ್ಡೊಂದನ್ನು ತಲುಪಿದೆವು. ಅಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ಮುದುಕಿಯನ್ನು ಎಲ್ಲರೂ ಕರೆಂಟಜ್ಜಿ ಎನ್ನುತ್ತಾರೆ. ಆಕೆ ಮೊದಲು ಬ್ಯಾಟರಿ ಬಿಚ್ಚಿ, ಹೊತ್ತು ತಂದು, ಪಕ್ಕದ ಕೋಣೆಯ ಬೆಂಚಿನ ಮೇಲೆ ಚಾರ್ಜಿಗೆ ಇಟ್ಟಳು. ನಾವು ಮೂವರೂ ಒದ್ದೆ ಬಟ್ಟೆಯಲ್ಲೇ ಅದರ ಸುತ್ತ ಕೂತೆವು. ತೆರೆದ ಬಾಗಿಲಿನಾಚೆ, ಶೆಡ್ಡಿನ ಕತ್ತಲಲ್ಲಿ, ಬಾನೆಟ್ ಎತ್ತಿದ ಕಾರು ನಿಂತಿತ್ತು.

"ಸೆನ್ಸರ್ ಹೊಸದೇ ಹಾಕಿಸಿದ್ದೀನಿ ಅಜ್ಜಿ, ಆದ್ರೂ ಹೀಗೇ," ಎಂದೆ.

"ದೆವ್ವ ಹೊಕ್ಕಿರ್ಬೇಕು," ಎಂದು ತಂಗಿಯ ಗಂಡ ನಕ್ಕ.

ಅಜ್ಜಿ ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು.

"ದೆವ್ವಾನಾ? ಅದಕ್ಕೇನು ಮಾಡೋಕೆ ಬೇರೆ ಕೆಲಸ ಇಲ್ವೇನಪ್ಪಾ, ನಿಮ್ಮ ಡಬ್ಬಾ ಗಾಡಿ ನಿಲ್ಲಿಸ್ಕೊಂಡು ಕೂರೋಕೆ? ಗಾಡಿ ನಿಲ್ಲಿಸೋದು ವೈರು. ದೆವ್ವ ಮಾಡೋ ಕೆಲಸಾನೇ ಬೇರೆ... ಬ್ಯಾಟರಿ ತುಂಬೋವರೆಗೂ ಹೇಳ್ತೀನಿ, ಕೇಳಿ.

ಈ ಬಂದು ಬಂದು ಹೋಗೋ ಫಾಲ್ಟ್ ಇದೆಯಲ್ಲ, ಇದರಂಥ ಕಳ್ಳ ಇನ್ನೊಬ್ಬನಿಲ್ಲ. ನಾವು ಹುಡುಕೋಕೆ ಕೂತ್ರೆ ಇರಲ್ಲ, ಎದ್ದು ಹೋದ್ರೆ ಬರತ್ತೆ. ಅದಕ್ಕೇ ಇಬ್ರು ಬೇಕು. ಒಬ್ರು ಎಂಜಿನ್ ಓಡ್ತಿರುವಾಗ ಬಾನೆಟ್ ಕೆಳಗೆ ಒಂದೊಂದೇ ವೈರು ಅಲುಗಾಡಿಸ್ತಾ ಹೋಗ್ಬೇಕು, ಇನ್ನೊಬ್ರು ಸೀಟಲ್ಲಿ ಕೂತು ಮುಳ್ಳು ನೋಡ್ತಿರ್ಬೇಕು. ಮುಳ್ಳು ನಡುಗಿದ್ರೆ, ಆಗ ಕೈಯಲ್ಲಿರೋ ವೈರೇ ಕಳ್ಳ. ಎಂಜಿನ್ ಗಲಾಟೇಲಿ ಕೂಗಿದ್ರೆ ಕೇಳ್ಸಲ್ಲ ಅಂತ ನಮ್ಮನೆಯವರು ಹಾರ್ನ್ ಹೊಡೀತಿದ್ರು. ಸಿಕ್ಕರೆ ಒಂದು. ನಮ್ಮ ಸಂಸಾರ ನಡೆದಿದ್ದೇ ಹಾಗೆ... ಆದ್ರೆ ಏನು ಸುಳ್ಳು ಹಾರ್ನು ಅಂತೀರಾ! ನಾನು 'ಇಲ್ಲ ರೀ, ಈ ವೈರು ಚೆನ್ನಾಗಿದೆ' ಅನ್ನೋದು, ಅವರು ಮತ್ತೆ ಹೊಡೆಯೋದು, ನಾನು ಸ್ಪ್ಯಾನರ್ ಎಸೆಯೋದು, ಬೀದಿಯವರೆಲ್ಲ ಬಂದು ನೋಡೋದು.

ಒಂದು ಮಧ್ಯಾಹ್ನ ಆ ಹಾರ್ನು ಒಂದಕ್ಕೇ ನಿಲ್ಲಲಿಲ್ಲ. ಕೂಗ್ತಾನೇ ಇತ್ತು... 'ಕೇಳಿಸ್ತು ಬಿಡ್ರೀ, ನಾನೇನು ಕಿವುಡೀನಾ?' ಅಂತ ತಲೆ ಎತ್ತಿ ನೋಡಿದ್ರೆ, ಅವರ ಹಣೆ ಸ್ಟೀರಿಂಗ್ ಮೇಲಿತ್ತು. ಹೋಗ್ಬಿಟ್ಟಿದ್ರು.

ಆ ಗಾಡಿ ನಮ್ಮದೇ. ಆಮೇಲೆ ಮಗಳು ಅದರಲ್ಲಿ ಸ್ಕೂಲ್ ಮಕ್ಕಳನ್ನ ಬಿಟ್ಟು ಕರ್ಕೊಂಡು ಬರೋ ಕೆಲಸ ಹಿಡಿದ್ಲು. ಅವಳ ಅನ್ನ ಅದರಲ್ಲೇ. ಆದ್ರೆ ಅದಕ್ಕೂ ಇದೇ ಕಾಯಿಲೆ ಶುರುವಾಯ್ತು, ನಿಮ್ಮದಕ್ಕಿರೋದೇ. ಯಾವ ಸೆನ್ಸರ್ ಹಾಕಿದ್ರೂ ಜಪ್ಪಯ್ಯ ಅನ್ನಲಿಲ್ಲ. ಒಂದಿನ ಮಕ್ಕಳು ತುಂಬ್ಕೊಂಡು ಬರ್ತಾ ರೈಲ್ವೆ ಗೇಟಲ್ಲಿ, ಹಳಿ ಮೇಲೇ ನಿಂತ್ಕೊಂಡ್ಬಿಡ್ತು... ಯಾರೋ ಪುಣ್ಯಾತ್ಮರು ಓಡಿ ಬಂದು ತಳ್ಳಿದ್ರು. ಸಂಜೆ ನನ್ನ ಮೈದುನ ಬಂದು ಬಾಗಿಲಲ್ಲಿ ಕೂತ. 'ಅಣ್ಣ ಆ ಗಾಡಿ ಬಿಟ್ಟು ಹೋಗಿಲ್ಲ ಅತ್ತಿಗೆ. ಹುಡುಗಿ ಓಡಿಸೋದು ಅವನಿಗೆ ಇಷ್ಟ ಇಲ್ಲ. ಗುಜರಿಯವನಿಗೆ ಹೇಳಿದ್ದೀನಿ, ನಾಳೆ ಬಂದು ಎತ್ಕೊಂಡು ಹೋಗ್ತಾನೆ' ಅಂದ. ಯಾರನ್ನ ಕೇಳಿ ಹೇಳಿದ್ದು ಅವನು? 'ನಿಮ್ಮಣ್ಣ ಬದುಕಿದ್ದಾಗ್ಲೇ ಅವರ ಮಾತು ಕೇಳ್ದೋಳಲ್ಲ ನಾನು. ಈಗ ಕೇಳ್ತೀನಾ? ನಾಳೆ ಗಾಡಿ ಸ್ಕೂಲಿಗೇ ಹೋಗೋದು, ನೋಡ್ತಿರು' ಅಂದೆ.

ಅಂದಿದ್ದೇನೋ ಸರಿ, ಸೀಟಲ್ಲಿ ಕೂರೋರು ಯಾರು? ಮಗಳು ಹೆದರಿ ಬಾಗಿಲು ದಾಟಲಿಲ್ಲ. ನಾನೊಬ್ಳೇ ಎಂಜಿನ್ ಓಡಿಸಿ ಬಾನೆಟ್ ಕೆಳಗೆ ಕೈ ಹಾಕಿದೆ. ಸೆನ್ಸರ್ ಹತ್ರ ಒಂದು ವೈರು ಸವೆದಿತ್ತು, ಸುತ್ತಿ ಕಟ್ಟಿದೆ. 'ನೋಡ್ದ್ಯಾ, ಇಷ್ಟೇ' ಅಂತ ಮಗಳಿಗೆ ಹೇಳಿ, ಒಳಗೆ ಹೋಗೋ ವೈರಿನ ಕಟ್ಟನ್ನ ಸುಮ್ನೆ ಹಾಗೆ ಅಲುಗಾಡಿಸಿದೆ...

ಒಂದು ಹಾರ್ನ್.

ಹಾರ್ನ್ ವೈರೇ ಎಲ್ಲೋ ಶಾರ್ಟ್ ಆಗಿದೆ ಅಂತ ಅದರ ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸ್ಕೊಂಡೆ. ಮತ್ತೆ ಅದೇ ಕಟ್ಟು ಅಲುಗಾಡಿಸಿದೆ. ಮತ್ತೆ ಒಂದು... ಸುಳ್ಳು ಯಾಕೆ ಹೇಳ್ಲಿ, ಮೈ ಜುಂ ಅಂತು. ಆದ್ರೆ ಹೆದರಿಕೆಗಿಂತ ಸಿಟ್ಟು ಜಾಸ್ತಿ ಬಂತು. 'ಈ ವೈರು ಚೆನ್ನಾಗಿದೆ ರೀ' ಅಂದೆ. ಹಾರ್ನ್! 'ಚೆನ್ನಾಗಿದೆ ಅಂದ್ನಲ್ಲ!' ಹಾರ್ನ್! ಮಗಳು ಅಳೋಕೆ ಶುರು ಮಾಡಿದ್ಲು. ನಾನು ಖಾಲಿ ಸೀಟಿನ ಕಡೆ ಬೆರಳು ತೋರ್ಸಿ ಹೇಳ್ದೆ, 'ಆಯ್ತು, ಬಿಚ್ತೀನಿ. ಒಳಗೆ ಏನೂ ಇಲ್ದಿದ್ರೆ ನೀವು ಇಲ್ಲಿಂದ ಜಾಗ ಖಾಲಿ ಮಾಡ್ಬೇಕು. ಇದ್ರೆ ಇರಿ. ಆದ್ರೆ ನನ್ನ ಮಗಳ ಗಾಡೀಲಲ್ಲ, ಈ ಶೆಡ್ಡಲ್ಲಿ, ನನ್ನ ಜೊತೆ. ದುಡ್ಕೊಂಡು ಇರ್ಬೇಕು, ಸುಮ್ನೆ ಅಲ್ಲ.'

ಟೇಪ್ ಕುಯ್ದೆ. ಮೇಲೆ ಪ್ಲಾಸ್ಟಿಕ್ ಹೊಸದರ ಹಾಗಿತ್ತು. ಸೀಳಿ ನೋಡಿದ್ರೆ ಒಳಗೆ ತಾಮ್ರ ಪೂರ್ತಿ ಹಸಿರು ತಿರುಗಿ ಪುಡಿಯಾಗಿದೆ, ಒಂದೇ ಒಂದು ಎಳೆ ಹಿಡ್ಕೊಂಡಿದೆ... ಹಾಗೇ ಬಿಟ್ಟಿದ್ರೆ ಮಾರನೇ ದಿನ ಮತ್ತೆ ಹಳಿ ಮೇಲೇ ನಿಲ್ತಿತ್ತೋ ಏನೋ. ಹೊಸ ವೈರು ಹಾಕಿ ಬೆಸುಗೆ ಇಟ್ಟೆ. ಬೆಳಗ್ಗೆ ಗುಜರಿಯವನು ಬರೋ ಹೊತ್ತಿಗೆ ಮಗಳು ಮಕ್ಕಳನ್ನ ಹತ್ತಿಸ್ಕೊಂಡು ಹೊರಟಾಗಿತ್ತು. ಮೈದುನ ಬಾಯಿ ಬಿಟ್ಕೊಂಡು ನೋಡ್ದ. ಇವತ್ತಿಗೂ ಅವಳ ಗಾಡಿ ದಾರೀಲಿ ನಿಂತಿಲ್ಲ. ಅವರು ಹೇಳಿದ್ದು ಸರಿ ಇತ್ತು, ಹೌದು. ಅವರ ಮುಂದೆ ಮಾತ್ರ ಒಪ್ಕೊಂಡಿಲ್ಲ ನಾನು, ತಲೆ ಮೇಲೆ ಕೂರ್ತಾರೆ."

ಅಜ್ಜಿ ಟಾರ್ಚ್ ತೆಗೆದುಕೊಂಡು ಎದ್ದಳು. "ಇದು ಚಾರ್ಜ್ ಆಗೋಕೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ನಿಮ್ಮ ವೈರುಗಳನ್ನ ಒಂದು ಸಲ ಮುಟ್ಟಿ ನೋಡ್ತೀನಿ."

ತಂಗಿಯ ಗಂಡ ಈಗ ನಗುತ್ತಿರಲಿಲ್ಲ. "ನಾನು ಬಂದು ಸೀಟಲ್ಲಿ ಕೂರ್ಲಾ ಅಜ್ಜಿ?" ಎಂದ.

"ಬೇಡಪ್ಪಾ," ಎಂದಳು ಅಜ್ಜಿ ಬಾಗಿಲಲ್ಲಿ ತಿರುಗಿ. "ಅಲ್ಲಿ ಜಾಗ ಇಲ್ಲ."

ಆಕೆ ಬಾನೆಟ್ಟಿನೊಳಗೆ ಬಗ್ಗಿದ್ದು ಕಂಡಿತು. ಬ್ಯಾಟರಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ತಂಗಿ ಅದರ ಮೇಲೆ ಕೈಯಿಟ್ಟು ನೋಡಿದಳು. ಆಗ ಶೆಡ್ಡಿನಿಂದ ನನ್ನ ಕಾರಿನ ಹಾರ್ನ್ ಕೇಳಿಸಿತು, ಒಂದೇ ಸಲ.

"ಇಲ್ಲ ರೀ," ಎಂದು ಅಜ್ಜಿ ಗದರುತ್ತಿದ್ದಳು, "ಈ ವೈರು ಚೆನ್ನಾಗಿದೆ!"

ಹಾರ್ನ್ ಮತ್ತೆ ಕೂಗಿತು.