ಕೆಂಚವ್ವ ಮುಚ್ಚಿಟ್ಟ ಮುದ್ದೆ

ಬನ್ನಿ, ಕೂತ್ಕೊಳ್ಳಿ. ಕಾಲು ಚಾಚೋರು ಚಾಚ್ಕೊಳ್ಳಿ, ಇದು ಸುಸ್ತಾದವರ ಕತೆ. ಹೇಳೋ ನಂಗೂ ಸುಸ್ತಾಗಿದೆ. ಒಂದು ಸೀಮೇಲಿ ಒಂದೂರು. ಯಾವ ಸೀಮೆ ಅಂತ ಕೇಳ್ಬೇಡಿ, ದಾರಿ ಗೊತ್ತಿದ್ದೋರು ಯಾರೂ ಈಗಿಲ್ಲ. ಆ ಊರಲ್ಲಿ ಉಪ್ಪು ಮಾರೋ ಕೆಂಚವ್ವ ಇದ್ಲು. ಗಂಡ ಗಾಡಿ ಹೊಡೀತಿದ್ದ, ಹೋದ್ರೆ ಯಾವಾಗ ಬರ್ತಾನೋ ಅವನಿಗೇ ಗೊತ್ತಿರ್ತಿರಲಿಲ್ಲ. ಇರೋಳು ಒಬ್ಳೇ ಮಗಳು, ರಂಗಿ.

ಒಂದ್ಸಲ ರಂಗಿಗೆ ಜ್ವರ ಬಂತು. ಕಷಾಯ ಕುಡಿಸಿದ್ಲು, ಇಳೀಲಿಲ್ಲ. ಒದ್ದೆ ಬಟ್ಟೆ ಹಾಕಿದ್ಲು, ಇಳೀಲಿಲ್ಲ. ವೈದ್ಯರು ಬಂದು ಕೈ ಹಿಡಿದು ನೋಡಿ, ಮದ್ದಿನ ಚೀಲ ಕಟ್ಕೊಂಡು ಎದ್ದು ಹೋದ್ರು. ಆಗ ಕೆಂಚವ್ವ ಅಂಗಳಕ್ಕೆ ಓಡಿ, ತಲೆ ಎತ್ತಿ ಹರಕೆ ಹೊತ್ಲು. "ನನ್ನ ಮಗೂನ ಉಳಿಸು. ನಿಂಗೆ ಹೊಟ್ಟೆ ತುಂಬ ಉಣ್ಣಿಸ್ತೀನಿ. ಉಣ್ಣಿಸೋವರೆಗೂ ನಾನು ನೆಲಕ್ಕೆ ಬೆನ್ನು ಹಾಕಲ್ಲ."

ಜ್ವರ ಬಿಡ್ತು. ರಂಗಿ ಎದ್ದು ಕೂತು ಗಂಜಿ ಕೇಳಿದ್ಲು. ಕೆಂಚವ್ವ ಒಲೆ ಹಚ್ಚಿ ಅಡಿಗೆ ಮಾಡಿ ಬಡಿಸೋಕೆ ಹೋದವಳು, ಸೌಟು ಹಿಡ್ಕೊಂಡು ನಿಂತೇಬಿಟ್ಲು. ಯಾಕೆ ಹೇಳಿ? ಗಾಬರೀಲಿ ಯಾವ ದೇವ್ರ ಹೆಸರೂ ಹಿಡಿದಿರಲಿಲ್ಲ. ಉಪ್ಪು ಮಾರೋಳು ಎಲ್ಲಾ ಕೇರಿಗೂ ಹೋಗೋಳು, ಎಲ್ಲಾ ಕಡೆಗೂ ಕೈ ಮುಗಿಯೋಳು. ಈಗ ಯಾರಿಗೆ ಅಂತ ಬಡಿಸೋದು? ಒಬ್ಬರದ್ದು ಇನ್ನೊಬ್ಬರಿಗೆ ಬಡಿಸಿ, ಉಳಿಸಿದೋನು ಮುನಿಸ್ಕೊಂಡು ಜ್ವರ ವಾಪಸ್ ಕಳಿಸಿದ್ರೆ?

ಹಂಗಾಗಿ ಮಲಗೋ ಹಾಗಿಲ್ಲ. ಗೋಡೆಗೆ ಒರಗಿ ಕೂತೇ ತೂಕಡಿಸಿದ್ಲು. ವಾರ ಕಳೀತು, ತಿಂಗಳು ಕಳೀತು. ಸೊಂಟ ಹಿಡ್ಕೊಂಡ್ತು. ಉಪ್ಪು ಅಳೀತಾ ಅಳೀತಾ ಕಣ್ಣು ಮುಚ್ಚಿ ಗಿರಾಕಿ ಕಾಲ ಮೇಲೆ ಸುರೀತಿದ್ಲು. ನಾನು ಉಳಿದೆ, ಅವ್ವ ಹೋಗ್ತಾಳೇನೋ ಅಂತ ರಂಗಿಗೆ ಹೆದರಿಕೆ ಶುರುವಾಯ್ತು.

ಕೊನೆಗೆ ಕೆಂಚವ್ವ ಬುತ್ತಿ ಕಟ್ಕೊಂಡು ಗುಡಿಗೆ ಹೋದ್ಲು. ಪೂಜಾರಪ್ಪ ಒಳ್ಳೆಯವರೇ. "ಅವನಿಗೆ ಸಾವಿರ ರೂಪ ಕಣವ್ವ. ಹೆಣ್ಣಾಗಿ ಕರೆದ್ರೆ ಹೆಣ್ಣಾಗಿ ಬರ್ತಾನೆ, ಮಗುವಾಗಿ ಕರೆದ್ರೆ ಮಗುವಾಗಿ. ಆದ್ರೆ ನೀನು ಹೆಸರೇ ಹಿಡಿದಿಲ್ವಲ್ಲ, ಈ ಎಡೆ ಯಾರ ಮುಂದೆ ಇಡ್ಲಿ?" ಅಂದ್ರು. ಕೆಂಚವ್ವ ಬುತ್ತಿ ಎತ್ಕೊಂಡ್ಲು.

ದರ್ಗಾಕ್ಕೆ ಹೋದ್ಲು. ಅಲ್ಲಿನ ಹಿರಿಯ ಸಾಬರು ಚಾಪೆ ಹಾಸಿ ಕೂರಿಸಿದ್ರು. "ಅವನು ಒಬ್ನೇ ಅಮ್ಮಾ. ರೂಪ ಇಲ್ಲ, ಜೊತೆ ಇಲ್ಲ. ಎಲ್ಲರಿಗೂ ಉಣ್ಣಿಸ್ತಾನೆ, ತಾನು ಉಣ್ಣಲ್ಲ. ಬಡವರಿಗೆ ಹಾಕು, ಅವನಿಗೆ ಶುಕ್ರಿಯಾ ಹೇಳು."

"ಬಡವರಿಗೆ ದಿನಾ ಹಾಕ್ತೀನಿ ಸಾಬರೇ. ನಾನು ಮಾತು ಕೊಟ್ಟಿದ್ದು ಅವನಿಗೆ," ಅಂದ್ಲು. ಬುತ್ತಿ ಮತ್ತೆ ತಲೆ ಮೇಲೆ.

ಬಸದಿಗೆ ಹೋದ್ಲು. ಅಲ್ಲಿನ ಸ್ವಾಮಿಗಳು ಮೆಲ್ಲಗೆ ಹೇಳಿದ್ರು: "ತಾಯಿ, ನಮ್ಮ ಜಿನರು ಎಲ್ಲಾ ಗೆದ್ದವರು. ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ. ಮಗಳು ಉಳಿದದ್ದು ಅವಳ ಕರ್ಮದಿಂದ."

ಕೇಳಿದ್ರಾ? ಒಬ್ಬನಿಗೆ ಹೆಸರು ಬೇಕು. ಒಬ್ಬ ಉಣ್ಣಲ್ಲ. ಇನ್ನೊಬ್ಬ ಕೊಟ್ಟೇ ಇಲ್ಲ. ಹೇಳಿದ ಹಿರಿಯರು ಮೂವರೂ ಸುಳ್ಳು ಹೇಳೋರಲ್ಲ. ಆದ್ರೆ ರಂಗಿ ಬದುಕಿದ್ದಾಳೆ, ಕೆಂಚವ್ವನ ಬೆನ್ನು ಮುರೀತಿದೆ.

ಮಟಮಟ ಮಧ್ಯಾಹ್ನ ಮನೆಗೆ ಬಂದು, ಬುತ್ತಿ ಇಳಿಸಿ, ಹೊಸ್ತಿಲ ಮೇಲೆ ಕೂತು ಅತ್ತೇಬಿಟ್ಲು. ರಂಗಿ ಪಕ್ಕ ಬಂದು ಕೂತ್ಲು.

"ಅವ್ವಾ, ಅಪ್ಪ ಯಾವಾಗ ಬರ್ತಾನೆ ಅಂತ ಗೊತ್ತಿಲ್ದಾಗ ಏನ್ ಮಾಡ್ತೀಯ?"

"ಏನ್ ಮಾಡ್ಲಿ. ಗಂಗಳದಲ್ಲಿ ಮುದ್ದೆ ಇಟ್ಟು, ಬುಟ್ಟಿ ಮುಚ್ಚಿ ಮಲಗ್ತೀನಿ. ಬಂದಾಗ ಉಣ್ತಾನೆ."

"ಅಪ್ಪ ಯಾವತ್ತಾದ್ರೂ ಬೈದಿದಾನಾ?"

"ಇಲ್ಲ. ಎಬ್ಬಿಸೋದೂ ಇಲ್ಲ, ಪಾಪ."

"ಮತ್ತೆ? ಹೆಸರು ಕರೀದಿದ್ರೂ ಕೇಳಿಸ್ಕೊಂಡೋನು ಅಪ್ಪನಿಗಿಂತ ಕೆಟ್ಟೋನಾ?"

ಕೆಂಚವ್ವ ಮಗಳ ಮುಖಾನೇ ನೋಡಿದ್ಲು. ಎದ್ದು ಗಂಗಳದಲ್ಲಿ ಮುದ್ದೆ ಇಟ್ಲು, ಸೊಪ್ಪಿನ ಸಾರು ಬಿಟ್ಲು, ಬುಟ್ಟಿ ಮುಚ್ಚಿ ಮೇಲೊಂದು ಕಲ್ಲು ಹೇರಿದ್ಲು. "ಯಾರೋ ನೀನು, ಯಾವಾಗ ಬರ್ತೀಯೋ. ಬಡಿಸಿಟ್ಟಿದೀನಿ, ಉಣ್ಕೋ. ನಂಗಿನ್ನು ಆಗಲ್ಲ ಕಣಪ್ಪ," ಅಂದು ಅಲ್ಲೇ ನೆಲದ ಮೇಲೆ ಬೆನ್ನು ಹಾಕಿದ್ಲು. ಎಷ್ಟು ಹೊತ್ತಿಗೆ ನಿದ್ದೆ ಬಂತು ಅಂತೀರಾ? ತಲೆ ನೆಲ ಮುಟ್ಟೋ ಮುಂಚೆ.

ಹೊತ್ತು ಮುಳುಗುವಾಗ ಎಚ್ಚರಾಯ್ತು. ಆಗ ತಾನೇ ಕೊಡ ಹೊತ್ತು ಬಂದ ಮಗಳ ಹಣೆ ಮೊದಲು ಮುಟ್ಟಿದ್ಲು. ತಣ್ಣಗಿತ್ತು. ಆಮೇಲೆ ತಿರುಗಿ ನೋಡಿದ್ಲು. ಕಲ್ಲು ಪಕ್ಕಕ್ಕಿದೆ, ಬುಟ್ಟಿ ಅಂಗಾತ ಬಿದ್ದಿದೆ, ಗಂಗಳ ಖಾಲಿ.

ಊರೆಲ್ಲಾ ಸೇರ್ತು. ಬೆಕ್ಕು ಅಂದ್ರೆ ಕಲ್ಲು ಎತ್ತಿದ್ದು ಯಾರು? ಗಾಡಿಯವನು ಅಂದ್ರೆ ಅವನಿನ್ನೂ ಬಂದೇ ಇಲ್ಲ. ರಂಗಿ ಅಂದ್ರೆ, ಅವಳು ಅಲ್ಲಿವರೆಗೂ ಬಾವಿ ಹತ್ರ ಇದ್ದದ್ದನ್ನ ಕಂಡೋರಿದ್ದಾರೆ. ಸುದ್ದಿ ಕೇಳಿ ಆ ಮೂವರು ಹಿರಿಯರೂ ಬಂದ್ರು.

"ಯಾವ ರೂಪದಲ್ಲಿ ಬಂದಿದ್ದವ್ವ?" ಅಂದ್ರು ಪೂಜಾರಪ್ಪ.

"ಒಬ್ನೇ ಬಂದಿದ್ನಾ?" ಅಂದ್ರು ಸಾಬರು.

"ನಿಜಕ್ಕೂ ಯಾರಾದ್ರೂ ಬಂದಿದ್ರಾ?" ಅಂದ್ರು ಬಸದಿ ಸ್ವಾಮಿಗಳು.

ಕೆಂಚವ್ವ ಮೈ ಮುರಿದು, ಬಾಯಿ ತುಂಬ ಆಕಳಿಸಿದ್ಲು. "ನಂಗೇನು ಗೊತ್ತು ಸ್ವಾಮಿ," ಅಂದ್ಲು. "ನಾನು ಮಲಗಿದ್ದೆ."

ಅಲ್ಲಿಗೆ ಅವಳ ಗಂಗಳ ಖಾಲಿ, ಇಲ್ಲಿಗೆ ನನ್ನ ಬಾಯಿ ಖಾಲಿ. ಬಾರದವರಿಗೆ ಮುಚ್ಚಿಟ್ಟು, ಹೋಗಿ ನೀವೂ ಮಲಗಿ.