ಗುರುಬಾಯಿಯ ರಿಪೋರ್ಟ್

೧೯೯೫ರ ಒಂದು ಮಧ್ಯಾಹ್ನ ಅಫಜಲಪುರ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬೆಂಚಿನ ಮೇಲೆ ಇಬ್ಬರು ಹೆಂಗಸರು ಬಂದು ಕೂತರು. ಸೊಲ್ಲಾಪುರದ ದವಾಖಾನೆಯಿಂದ ರಿಪೋರ್ಟ್ ತೆಗೆದುಕೊಂಡು ಮರಳುತ್ತಿದ್ದರು. ಅರವತ್ತರ ಹತ್ತಿರದವಳು ಗುರುಬಾಯಿ. ಜೊತೆಗಿದ್ದವಳು ಅಣ್ಣನ ಮಗಳು ಶಶಿಕಲಾ, ಪುಣೆಯಲ್ಲಿ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುವವಳು.

“ಇನ್ನೊಮ್ಮೆ ಹೇಳು ಬೇ. ಹಬ್ಬಿಲ್ಲ ಅಂದ್ರೇನು?” ಗುರುಬಾಯಿ ಕೇಳಿದಳು.

“ಎಲ್ಲೂ ಹಬ್ಬಿಲ್ಲ ಅತ್ತಿ. ಗರ್ಭಚೀಲದ ಬಾಯಾಗ ಇದ್ದ ಕ್ಯಾನ್ಸರ್ ಪೂರಾ ತೆಗದಾರ.”

“ಅದು ಹಬ್ಬೂದಾದ್ರೂ ಹ್ಯಾಂಗ?”

“ಮೈಯಾಗಿನ ಒಂದೊಂದು ಜೀವಕಣಕ್ಕೂ ಸಣ್ಣ ಕೊಂಡಿ ಇರ್ತಾವ. ಅವುಗಳಿಂದ ಬಾಜೂದ ಕಣಾನ ಹಿಡಕೊಂಡಿರ್ತದ. ಒಂದು ವೈರಸ್ ಒಳಗ ಹೊಕ್ಕು ವರ್ಷಾನುಗಟ್ಲೆ ಕುಂತ್ರ ಕಣ ಕೆಡ್ತದ, ಕೊಂಡೀನೂ ಬದಲಾಗ್ತಾವ. ಆಗ ಬಾಜೂದವರನ್ನ ಬಿಟ್ಟು ಬ್ಯಾರೆ ಕಡೆ ಹೋಗಿ ಅಂಟ್ಕೋತದ. ನಾ ಓದಾಕತ್ತಿದ್ದು ಆ ಕೊಂಡೀನೇ.”

“ನನ್ನವು ಬಿಟ್ಟಿಲ್ಲ?”

“ಬಿಡೂಕಿಂತ ಮೊದಲೇ ತೆಗದ್ರು. ನೀ ಲಗೂನ ಬಂದಿ.”

“ನಾ ಎಲ್ಲಿ ಬಂದೆ? ನೀ ಎಳಕೊಂಡು ಹೋದಿ!” ಗುರುಬಾಯಿ ಜೋರಾಗಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ನಮ್ಮ ನೆಗೆಣ್ಣಿ, ಮೈದುನನ ಹೇಣ್ತಿ ಸುಭದ್ರಾಗ ಮುಟ್ಟು ನಿಂತು ಐದು ವರ್ಷ ಆಗ್ಯಾದ. ಈಗ ಮತ್ತ ರಕ್ತ ಕಾಣಾಕತ್ತದ. ನಾಚಿ ನನಗೊಬ್ಬಾಕಿಗೇ ಹೇಳ್ಯಾಳ.”

“ಎಷ್ಟು ದಿನಾತು?”

“ಎರಡು ತಿಂಗಳು.”

“ಅತ್ತಿ! ನಾಳೇನೇ ತೋರಸೂಣು.”

“ದವಾಖಾನಿ ಅಂದ್ರ ಅಳ್ತಾಳ.”

“ಅಳಲಿ. ಅಳಕೋತನೇ ಬರಲಿ.”

ಅವರೂರಿಗೆ ಹೋಗುವ ಗೊಬ್ಬೂರ ಬಸ್ಸು ಬಂತು. ಗುರುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂದಿಯನ್ನು ಸರಿಸುತ್ತ ಮೊದಲು ಹತ್ತಿದಳು. ಬಾಗಿಲಿಂದಲೇ ಕೂಗಿದಳು:

“ಲಗೂ ಹತ್ತು ಬೇ! ಆಕಿಗೆ ನಾನೇ ಹೇಳ್ತೇನಿ, ನಾನೂ ನಿನ್ನಂಗ ನಾಚಿದ್ದೆ, ಈಗ ನೋಡು ಹ್ಯಾಂಗ ನಗಾಕತ್ತೇನಿ ಅಂತ.”